ಕಾಲು ನೋವು ಅಂದ್ಕೊಂಡಿದ್ವಿ: ಮನೇಲಿ ಸಾಕಿದ ಒಂದು ಬಾತುಕೋಳಿಯ ಪ್ರಕರಣ

ಇದು ನನಗೆ ತುಂಬಾ ಹತ್ತಿರದವರ ಮನೇಲಿ ನಡೆದಿದ್ದು. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಯಾರು ಎಲ್ಲಿ ಅನ್ನೋದು ಗೊತ್ತಾಗದ ಹಾಗೆ ಗುರುತೆಲ್ಲಾ ಬದಲಾಯಿಸಿದೀನಿ, ಬಾತುಗಳ ಹೆಸರೂ ಸೇರಿ. ತೂಕ, ದಿನದ ಲೆಕ್ಕ ಮಾತ್ರ ಅವರ ನೋಟ್‌ಬುಕ್‌ನಲ್ಲಿ ಇದ್ದ ಹಾಗೇ ಇಟ್ಟಿದೀನಿ. ಇದರಲ್ಲಿ ಮೊದಲು ತಪ್ಪು ಸಲಹೆ ಕೊಟ್ಟಿದ್ದು ನಾನೇ, ಅದನ್ನೂ ಮುಚ್ಚಿಡದೆ ಹೇಳ್ತೀನಿ.

ಹಿನ್ನೆಲೆ

ಆ ಮನೇಲಿ ಎರಡು ಹೆಣ್ಣು ಬಾತುಗಳಿದಾವೆ. ಬಿಳೀದು ಬೆಳ್ಳಿ, ಕಂದು ಮಚ್ಚೆಯದು ಚುಕ್ಕಿ. ಮರಿಗಳಾಗಿದ್ದಾಗ ಒಟ್ಟಿಗೇ ಬಂದವು, ಈಗ ಮೂರು ವರ್ಷ, ಗಾತ್ರದಲ್ಲೂ ಹೆಚ್ಚುಕಮ್ಮಿ ಒಂದೇ. ಹಿತ್ತಲಲ್ಲಿ ರಾತ್ರಿ ಮಲಗೋಕೆ ಒಂದು ಗೂಡು, ಹಗಲು ಓಡಾಡೋಕೆ ಬಲೆ ಕಟ್ಟಿದ ಜಾಗ, ಈಜೋಕೆ ಒಂದು ದೊಡ್ಡ ಟಬ್. ಟಬ್ ಸುತ್ತ ಯಾವಾಗಲೂ ಕೆಸರು, ಬಾತು ಸಾಕಿದವರಿಗೆ ಗೊತ್ತಿರುತ್ತೆ, ಆ ಕೆಸರಲ್ಲಿ ಕೊಕ್ಕು ಹಾಕಿ ಚಪಚಪ ಅಂತ ಜಾಲಾಡ್ತಾ ಇರೋದೇ ಅವುಗಳ ಅರ್ಧ ದಿನದ ಕೆಲಸ.

ನೋಡ್ಕೊಳ್ತಿದ್ದಿದ್ದು ಮನೆಯ ಅಕ್ಕ ಮತ್ತೆ ಅವರ ಮಗ, ಹುಡುಗ ಇನ್ನೂ ಸ್ಕೂಲಲ್ಲಿದಾನೆ. ಇಬ್ಬರೂ ಬಾತುಗಳನ್ನ ತುಂಬಾ ಹಚ್ಕೊಂಡಿದ್ರು. ಕಾಯಿಲೆ ಬೀಳೋಕೆ ಸುಮಾರು ಮೂರು ವಾರ ಮುಂಚೆ ಒಂದು ನಾಯಿ ಬಲೆ ಎಳೆದು ಹರಿದುಹಾಕಿತ್ತು ಅಂತ ಅಕ್ಕ ಹೊಸ ಜಿಐ ಮೆಶ್, ಅಂದ್ರೆ ತಂತಿ ಬಲೆ, ತರಿಸಿ ಸುತ್ತಲೂ ಗಟ್ಟಿಯಾಗಿ ಕಟ್ಟಿಸಿದ್ರು. ಈ ವಿಷಯ ಅವರು ನನಗೆ ನಾಲ್ಕನೇ ದಿನದವರೆಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಮೂರು ದಿನ

ಒಂದನೇ ದಿನ ಬೆಳಿಗ್ಗೆ ಬೆಳ್ಳಿ ಗೂಡಿಂದ ನಿಧಾನಕ್ಕೆ ಬಂದಳು, ಎಡಗಾಲು ಸ್ವಲ್ಪ ಎಳೀತಾ ಇದ್ದಳು. ಅಕ್ಕ ನನಗೆ ಫೋನ್ ಮಾಡಿ "ಕಾಲು ಉಳುಕಿರಬೇಕು ಕಣೋ, ರಾತ್ರಿ ಗೂಡಿಂದ ಹಾರಿದಾಗ ಏನಾದ್ರೂ ಆಯ್ತೇನೋ" ಅಂದ್ರು. ವಿಡಿಯೋ ಕಳಿಸಿದ್ರು. ಪಾದದ ಅಡಿ ನೋಡಿ ಅಂದೆ, ಯಾಕಂದ್ರೆ ಬಾತುಗಳಿಗೆ ಪಾದದಡಿ ಗಾಯ ಆಗಿ ಒಳಗೆ ಕೀವು ತುಂಬಿ ಮೇಲೆ ಕಪ್ಪು ಹಕ್ಕಳೆ ಕಟ್ಟೋದು ಸಾಮಾನ್ಯ. ಪಾದ ಎರಡೂ ಕ್ಲೀನಾಗಿತ್ತು. ಕೀಲು ಊದಿರಲಿಲ್ಲ, ಮುಟ್ಟಿದ್ರೆ ಬಿಸಿಯೂ ಇರಲಿಲ್ಲ.

ಆಗ ನಾನು ಹೇಳಿದ್ದು ನಯಾಸಿನ್. ವಿಟಮಿನ್ ಬಿ3. ಬಾತುಗಳಿಗೆ ಇದು ಕೋಳಿಗಳಿಗಿಂತ ಜಾಸ್ತಿ ಬೇಕು, ಒಂದು ಕೆಜಿ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ಇರಬೇಕು ಅನ್ನೋ ಲೆಕ್ಕ ಇದೆ, ಬರೀ ಕೋಳಿ ಫೀಡ್ ಹಾಕಿ ಬೆಳೆಸಿದ ಮರಿಗಳಿಗೆ ಕಾಲು ಸೊಟ್ಟಗಾಗಿ ನಿಲ್ಲೋಕಾಗಲ್ಲ. ನಾನು ಸಾಕಿದ ಒಂದು ಮರಿಗೆ ಹಾಗೇ ಆಗಿ ಈಸ್ಟ್ ಪುಡಿ ಕೊಟ್ಟು ಸರಿಹೋಗಿತ್ತು, ಅದೇ ನನ್ನ ತಲೇಲಿ ಕೂತಿತ್ತು. ಆದರೆ ಅದು ಬೆಳೆಯೋ ಮರಿಗಳಲ್ಲಿ ಕಾಣೋ ತೊಂದರೆ. ಮೂರು ವರ್ಷದಿಂದ ಅದೇ ಫೀಡ್ ತಿಂದು ಚೆನ್ನಾಗಿದ್ದ ದೊಡ್ಡ ಬಾತು ಒಂದು ರಾತ್ರಿ ಕಳೆಯೋದ್ರೊಳಗೆ ಕುಂಟೋಕೆ ಶುರುಮಾಡಿದ್ರೆ ಮೊದಲು ಕೇಳಬೇಕಾದ ಪ್ರಶ್ನೆ "ಇತ್ತೀಚೆಗೆ ಏನು ಬದಲಾಯ್ತು" ಅನ್ನೋದು. ನಾನು ಅದನ್ನ ಕೇಳದೆ ನನಗೆ ಗೊತ್ತಿದ್ದ ಔಷಧಿ ಹೇಳಿಬಿಟ್ಟೆ. ಅದರಿಂದ ಎರಡೂವರೆ ದಿನ ಹೋಯ್ತು.

ಎರಡನೇ ದಿನ ಅವಳು ಕೂತಲ್ಲೇ ಜಾಸ್ತಿ ಹೊತ್ತು ಕೂತಿದ್ದಳು. ತಟ್ಟೆ ಹತ್ತಿರ ಹೋಗಿ ಕೊಕ್ಕು ಆಡಿಸ್ತಾಳೆ, ಹಾಗಾಗಿ "ತಿಂತಿದಾಳೆ" ಅಂತ ಎಲ್ಲರೂ ಅಂದ್ಕೊಂಡ್ರು. ಆಮೇಲೆ ನೋಡಿದ್ರೆ ಅವಳು ಕಾಳನ್ನ ಕೊಕ್ಕಲ್ಲಿ ಎತ್ತಿ ನೀರಿಗೆ ಹಾಕಿ ಅಲ್ಲೇ ಬಿಡ್ತಿದ್ದಳು, ನುಂಗ್ತಾನೇ ಇರಲಿಲ್ಲ. ಎರಡು ಬಾತು ಒಂದೇ ತಟ್ಟೇಲಿ ತಿನ್ನೋವಾಗ ಇದು ಗೊತ್ತೇ ಆಗಲ್ಲ, ತಟ್ಟೆ ಖಾಲಿ ಮಾಡ್ತಿದ್ದಿದ್ದು ಚುಕ್ಕಿ ಒಬ್ಬಳೇ. ಹಕ್ಕಿಗಳು ಕಾಯಿಲೆನ ಬಚ್ಚಿಡ್ತವೆ, ಗುಂಪಲ್ಲಿ ಬದುಕೋ ಹಕ್ಕಿ ಸೋತ ಹಾಗೆ ಕಂಡರೆ ಬೇಟೆಗೆ ಸಿಗೋದು ಅದೇ, ಅದಕ್ಕೆ ಆಗುವಷ್ಟು ಹೊತ್ತು ಸರಿ ಇರೋ ಹಾಗೇ ನಡ್ಕೊಳ್ತವೆ. ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಕಾಯಿಲೆ ಎಷ್ಟೋ ದೂರ ಬಂದಿರುತ್ತೆ.

ಮೂರನೇ ದಿನ ಸಾಯಂಕಾಲ ಒಂದು ಕೆಟ್ಟ ಗಳಿಗೆ ಬಂತು. ನೀರಾದ್ರೂ ಕುಡೀಲಿ ಅಂತ ಹುಡುಗ ಸಿರಿಂಜಲ್ಲಿ ನೀರು ತಗೊಂಡು ಕೊಕ್ಕು ಬಿಡಿಸಿ ಒಳಗೆ ಒತ್ತಿದ. ಅವಳು ಕತ್ತು ಚಾಚಿ ಕೆಮ್ಮಿದಳು, ಮೂಗಿನ ತೂತಿಂದ ನೀರು ಬಂತು, ಒಂದೆರಡು ನಿಮಿಷ ಬಾಯಿ ತೆರೆದುಕೊಂಡೇ ಉಸಿರಾಡಿದಳು. ಬಾತಿಗೆ ಶ್ವಾಸನಾಳದ ಬಾಯಿ ನಾಲಿಗೆ ಬುಡದಲ್ಲೇ ತೆರೆದಿರುತ್ತೆ, ನೇರವಾಗಿ ಸುರಿದ್ರೆ ನೀರು ಶ್ವಾಸಕೋಶಕ್ಕೇ ಹೋಗಬಹುದು. ಪುಣ್ಯಕ್ಕೆ ಆವತ್ತು ಏನೂ ಆಗಲಿಲ್ಲ. ಹುಡುಗ ಮಾತ್ರ ರಾತ್ರಿ ಪೂರ್ತಿ ಅತ್ತ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಇಟ್ಟು ಅವಳೇ ನುಂಗೋವರೆಗೂ ಕಾಯಬೇಕು ಅನ್ನೋದನ್ನ ಅವನಿಗೆ ಮೊದಲೇ ಯಾರಾದ್ರೂ ಹೇಳಿದ್ರೆ ಹೀಗಾಗ್ತಿರಲಿಲ್ಲ.

ಅದೇ ರಾತ್ರಿ ಅಕ್ಕ ನಾಯಿಗೆ ಯಾವಾಗಲೋ ಕೊಟ್ಟಿದ್ದ ಆಂಟಿಬಯೋಟಿಕ್ ಮಾತ್ರೆ ಉಳಿದಿದೆ, ಕಾಲು ಭಾಗ ಕೊಡಲಾ ಅಂತ ಕೇಳಿದ್ರು. ಇದೊಂದಕ್ಕೆ ಮಾತ್ರ ನಾನು ಖಂಡಿತ ಬೇಡ ಅಂದೆ. ಯಾವ ಕಾಯಿಲೆ ಅಂತಾನೇ ಗೊತ್ತಿಲ್ಲ, ಡೋಸ್ ಗೊತ್ತಿಲ್ಲ, ಕಿಡ್ನಿ ಹೇಗಿದೆಯೋ ಗೊತ್ತಿಲ್ಲ. ಆಮೇಲೆ ಗೊತ್ತಾದ ಪ್ರಕಾರ ಆ ಮಾತ್ರೆಯಿಂದ ಏನೂ ಪ್ರಯೋಜನ ಇರ್ತಿರಲಿಲ್ಲ, "ಔಷಧಿ ಕೊಟ್ಟಿದೀವಲ್ಲ, ನೋಡೋಣ" ಅಂತ ಇನ್ನೆರಡು ದಿನ ಕಾಯ್ತಿದ್ವಿ ಅಷ್ಟೇ, ಅಷ್ಟು ದಿನ ಅವಳ ಹತ್ತಿರ ಇರಲಿಲ್ಲ.

ಹಿಕ್ಕೆ ಮತ್ತು ತೂಕ

ನಾಲ್ಕನೇ ದಿನ ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. ಬೆಳ್ಳಿಯನ್ನ ರಾತ್ರಿ ಬಿಳಿ ಟವೆಲ್ ಮೇಲೆ ಮಲಗಿಸಿದ್ರು, ಅದು ಒಳ್ಳೇದೇ ಆಯ್ತು. ಟವೆಲ್ ಮೇಲೆ ಏಳೆಂಟು ಕಡೆ ಹಿಕ್ಕೆ ಇತ್ತು, ಗಟ್ಟಿ ಭಾಗ ಅನ್ನೋದೇ ಇಲ್ಲ, ಬರೀ ಗಿಳಿಹಸಿರು ಬಣ್ಣದ ಲೋಳೆ, ಪಕ್ಕದಲ್ಲಿ ಸ್ವಲ್ಪ ಬಿಳಿ. ಹೊಟ್ಟೆಗೆ ಏನೂ ಹೋಗದೆ ಇದ್ದಾಗ ಬರೀ ಪಿತ್ತರಸ ಹೊರಗೆ ಬಂದು ಹೀಗೆ ಕಾಣುತ್ತೆ. ಕೆಸರಲ್ಲಿ ಓಡಾಡೋ ಬಾತಿನ ಹಿಕ್ಕೆ ಯಾರ ಕಣ್ಣಿಗೂ ಬೀಳಲ್ಲ, ಅದಕ್ಕೇ ಮೂರು ದಿನ ಇದು ತಪ್ಪಿಹೋಗಿತ್ತು.

ಆಮೇಲೆ ಕಿಚನ್ ತೂಕದ ಮಷಿನ್ ಮೇಲೆ ಒಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟು ಸೊನ್ನೆ ಮಾಡಿ ಅವಳನ್ನ ಕೂರಿಸಿದ್ವಿ. 2,140 ಗ್ರಾಂ. ಮೊದಲು ಎಷ್ಟಿದ್ದಳು ಅಂತ ಯಾರಿಗೂ ಗೊತ್ತಿಲ್ಲ, ಮೂರು ವರ್ಷದಲ್ಲಿ ಒಂದು ಸಲವೂ ತೂಕ ಹಾಕಿರಲಿಲ್ಲ. ಹುಡುಗನೇ "ಚುಕ್ಕೀನ ಹಾಕಿ ನೋಡೋಣ" ಅಂದ. ಚುಕ್ಕಿ 2,690. ಬೆಳ್ಳಿಯ ಎದೆ ಮುಟ್ಟಿ ನೋಡಿದೆ, ನಡುವಿನ ಮೂಳೆ ಚಾಕುವಿನ ಬೆನ್ನಿನ ಹಾಗೆ ಕೈಗೆ ಸಿಕ್ತು, ಎರಡೂ ಪಕ್ಕದ ಮಾಂಸ ಇಳಿದುಹೋಗಿತ್ತು. ಇಷ್ಟು ಮಾಂಸ ಮೂರು ದಿನದಲ್ಲಿ ಕರಗಿದ್ದಲ್ಲ. ಅಂದ್ರೆ ಕುಂಟೋಕೆ ಎಷ್ಟೋ ಮುಂಚೆಯಿಂದ ಅವಳು ಇಳೀತಾ ಬಂದಿದ್ದಳು, ಗರಿ ತುಂಬಿಕೊಂಡಿದ್ದರಿಂದ ಮೇಲಿಂದ ದುಂಡಗೇ ಕಾಣ್ತಿದ್ದಳು. ನಾವು ಕಾಲು ನೋಡ್ತಾ ಕೂತಿದ್ವಿ, ಕಾಯಿಲೆ ಕಾಲಲ್ಲಿ ಇರಲೇ ಇಲ್ಲ.

ಇಡೀ ಪ್ರಕರಣ ತಿರುಗಿದ್ದು ಇಲ್ಲೇ ಅಂತ ನನಗನಿಸುತ್ತೆ. ಅಲ್ಲೀವರೆಗೂ "ಇನ್ನೊಂದು ದಿನ ನೋಡೋಣ" ಅಂತಿದ್ದ ಅಕ್ಕ ಆ ಎರಡು ನಂಬರ್ ನೋಡಿದ ಮೇಲೆ ಬೇರೆ ಮಾತೇ ಆಡಲಿಲ್ಲ, ಫೋನ್ ಎತ್ಕೊಂಡ್ರು. ಹಕ್ಕಿ ನೋಡೋ ವೆಟ್ ಡಾಕ್ಟ್ರು ಸಿಗೋಕೆ ನಾಲ್ಕು ಕಡೆ ಕೇಳಬೇಕಾಯ್ತು, ನಾಯಿ ಬೆಕ್ಕು ನೋಡೋರೆಲ್ಲಾ ಬಾತು ನೋಡಲ್ಲ. ಆ ನಂಬರ್ ಹಕ್ಕಿ ಚೆನ್ನಾಗಿರೋವಾಗಲೇ ಹುಡುಕಿ ಇಟ್ಕೊಂಡಿರಬೇಕು.

ಎಕ್ಸ್‌ರೇ

ಡಾಕ್ಟ್ರು ಕಾಲು ಮುಟ್ಟೋಕೆ ಮುಂಚೆ ಕೇಳಿದ ಮೊದಲನೇ ಪ್ರಶ್ನೆನೇ "ಇತ್ತೀಚೆಗೆ ಮನೇಲಿ ಏನಾದ್ರೂ ರಿಪೇರಿ, ವೈರಿಂಗ್, ಬೇಲಿ ಕೆಲಸ ಆಯ್ತಾ?" ಅಂತ. ಅಕ್ಕ ಬಲೆ ವಿಷಯ ಹೇಳಿದ್ರು. ಡಾಕ್ಟ್ರು ಸುಮ್ಮನೆ ತಲೆ ಆಡಿಸಿ ಎಕ್ಸ್‌ರೇಗೆ ಕರ್ಕೊಂಡು ಹೋದ್ರು.

ಫಿಲ್ಮ್‌ನಲ್ಲಿ ಮೂರು ಬಿಳಿ ಗೆರೆ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಗಿಜರ್ಡ್ ಒಳಗೆ. ಗಿಜರ್ಡ್ ಅಂದ್ರೆ ಹಕ್ಕಿ ನುಂಗಿದ ಸಣ್ಣ ಕಲ್ಲು ಇಟ್ಕೊಂಡು ಕಾಳು ಅರೆಯೋ ಗಟ್ಟಿ ಸ್ನಾಯುವಿನ ಚೀಲ, ಅದಕ್ಕೆ ಹಲ್ಲಿನ ಬದಲು ಇರೋದು ಅದೇ. ಬಲೆ ಕಟ್ಟಿದವರು ಕಟರಲ್ಲಿ ಕತ್ತರಿಸಿದಾಗ ಉದುರಿದ ತಂತಿ ಚೂರುಗಳು ಕೆಸರಲ್ಲಿ ಸೇರಿದ್ವು, ಬೆಳ್ಳಿ ಅವನ್ನ ಕಲ್ಲು ಅಂತ ನುಂಗಿದಾಳೆ. ಜಿಐ ತಂತಿ ಮೇಲೆ ತುಕ್ಕು ಹಿಡೀದೇ ಇರಲಿ ಅಂತ ಜಿಂಕ್ ಲೇಪನ ಇರುತ್ತೆ. ಗಿಜರ್ಡ್‌ನಲ್ಲಿ ಅದು ಕಲ್ಲುಗಳ ಜೊತೆ ದಿನವಿಡೀ ಉಜ್ಜುತ್ತೆ, ಹೊಟ್ಟೆಯ ಆಸಿಡ್‌ನಲ್ಲಿ ಕರಗುತ್ತೆ, ರಕ್ತಕ್ಕೆ ಸೇರುತ್ತೆ. ಮೇದೋಜೀರಕ, ಕಿಡ್ನಿ, ಲಿವರ್‌ಗೆ ಪೆಟ್ಟು, ರಕ್ತಕಣ ಒಡೆದು ರಕ್ತಹೀನತೆ, ಕೊನೆಗೆ ಕಾಲಲ್ಲಿ ಶಕ್ತಿ ಇಲ್ಲದೆ ಕುಸಿಯೋದು. ನಮಗೆ ಮೊದಲು ಕಂಡಿದ್ದು ಆ ಕೊನೇ ಲಕ್ಷಣ.

ನೀರುಹಕ್ಕಿಗಳಿಗೆ ಲೋಹದ ವಿಷ ಹೊಸದೇನಲ್ಲ ಅಂತ ಡಾಕ್ಟ್ರು ಹೇಳಿದ್ರು. ಬ್ರಿಟನ್‌ನಲ್ಲಿ ಗಾಳ ಹಾಕೋರು ಬಿಟ್ಟುಹೋದ ಸೀಸದ ಗುಂಡು ನುಂಗಿ ಹಂಸಗಳು ಸಾಯ್ತಿದ್ವು ಅಂತ 1987ರಲ್ಲಿ ಆ ಗುಂಡುಗಳ ಮಾರಾಟಕ್ಕೇ ನಿಷೇಧ ಬಂತು, ಅಮೆರಿಕಾದಲ್ಲಿ 1991ರ ಹೊತ್ತಿಗೆ ಬಾತು ಬೇಟೆಗೆ ಸೀಸದ ಗುಂಡು ಬಳಸೋದನ್ನ ಇಡೀ ದೇಶದಲ್ಲೇ ನಿಲ್ಲಿಸಿದ್ರು. ಸೀಸ ಇರಲಿ ಜಿಂಕ್ ಇರಲಿ, ದಾರಿ ಒಂದೇ, ಕೆಸರಿಂದ ಗಿಜರ್ಡ್‌ಗೆ.

ರಕ್ತ ಪರೀಕ್ಷೆಗೆ ಕಳಿಸಿದ್ರು, ಆದ್ರೆ ರಿಪೋರ್ಟ್ ಬರೋವರೆಗೂ ಕಾಯದೆ ಆವತ್ತೇ ಚಿಕಿತ್ಸೆ ಶುರುಮಾಡಿದ್ರು. ಚರ್ಮದಡಿ ಡ್ರಿಪ್, ನೋವಿಗೆ ಔಷಧಿ, ಲೋಹವನ್ನ ಹಿಡಿದು ಮೂತ್ರದಲ್ಲಿ ಹೊರಗೆ ಹಾಕೋ ಕ್ಯಾಲ್ಸಿಯಂ ಇಡಿಟಿಎ ಇಂಜೆಕ್ಷನ್, ಐದು ದಿನ ಕೊಟ್ಟು ನಡುವೆ ಬಿಡುವು, ಯಾಕಂದ್ರೆ ಕಿಡ್ನಿಗೆ ಭಾರ ಆಗುತ್ತೆ. ಇದನ್ನ ಓದಿ ಯಾರೂ ಮನೇಲಿ ಪ್ರಯತ್ನ ಮಾಡಬೇಡಿ ದಯವಿಟ್ಟು. ಕ್ಯಾಲ್ಸಿಯಂ ಇಲ್ಲದ ಬರೀ ಡೈಸೋಡಿಯಂ ಇಡಿಟಿಎ ಅಂತ ಇನ್ನೊಂದಿದೆ, ಹೆಸರು ಹತ್ತಿರ ಹತ್ತಿರ, ಅದು ರಕ್ತದ ಕ್ಯಾಲ್ಸಿಯಂನೇ ಎಳೆದುಹಾಕಿ ಜೀವ ತೆಗೆಯಬಹುದು.

ಚುಕ್ಕೀನೂ ಕರ್ಕೊಂಡು ಬನ್ನಿ ಅಂದ್ರು. ಅಕ್ಕನಿಗೆ ಯಾಕೆ ಅನಿಸ್ತು, ಅವಳು ಚೆನ್ನಾಗೇ ಇದಾಳಲ್ಲ. ಎಕ್ಸ್‌ರೇ ತೆಗೆದ್ರೆ ಅವಳ ಹೊಟ್ಟೇಲೂ ಒಂದು ಚೂರು ಇತ್ತು.

ಮನೇಲಿ ಆರೈಕೆ

ಆಸ್ಪತ್ರೇಲಿ ಎರಡು ರಾತ್ರಿ ಇಟ್ಕೊಂಡು ಆರನೇ ದಿನ ಮನೆಗೆ ಕಳಿಸಿದ್ರು. ಇಲ್ಲಿಂದ ಮುಂದಿನದು ಪೂರ್ತಿ ಅಕ್ಕ ಮತ್ತೆ ಹುಡುಗನ ಕೆಲಸ, ಇಂಜೆಕ್ಷನ್‌ಗೆ ಮಾತ್ರ ದಿನಾ ಕ್ಲಿನಿಕ್‌ಗೆ ಕರ್ಕೊಂಡು ಹೋಗ್ತಿದ್ರು.

ಡಾಕ್ಟ್ರು ಒಂದು ಕ್ರಮ ಹೇಳಿದ್ರು, ಮೊದಲು ಬೆಚ್ಚಗೆ, ಆಮೇಲೆ ನೀರು, ಆಮೇಲೆ ಊಟ. ತಣ್ಣಗಾಗಿ ಒಣಗಿದ ಹಕ್ಕಿಗೆ ಊಟ ತುರುಕಿದ್ರೆ ಅರಗಲ್ಲ, ಅಲ್ಲೇ ಕೊಳೆಯುತ್ತೆ. ಬಾತಿನ ಮೈಶಾಖ ಸಹಜವಾಗೇ 41 ಡಿಗ್ರಿ ಆಸುಪಾಸು ಇರುತ್ತೆ, ನಮ್ಮ ಕೈಗೆ ಯಾವಾಗಲೂ ಬೆಚ್ಚಗೇ ಸಿಗಬೇಕು, ರೆಕ್ಕೆ ಅಡಿ ಕೈ ಇಟ್ಟಾಗ ನಮ್ಮ ಮೈಯಷ್ಟೇ ಅನಿಸಿದ್ರೆ ಅದು ತಣ್ಣಗಾಗಿದೆ ಅಂತಾನೇ ಅರ್ಥ. ಒಂದು ಸಣ್ಣ ರೂಮಲ್ಲಿ ದೊಡ್ಡ ರಟ್ಟಿನ ಡಬ್ಬ, ಒಂದು ತುದೀಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟ್ಲಿ, ಇನ್ನೊಂದು ತುದಿ ಹಾಗೇ, ಸೆಕೆ ಆದ್ರೆ ಅವಳೇ ಸರಿಯೋಕೆ ಜಾಗ. ಅಡಿಯಲ್ಲಿ ಮಡಚಿದ ಟವೆಲ್ ನಾಲ್ಕು ಪದರ, ಯಾಕಂದ್ರೆ ಎದ್ದು ನಿಲ್ಲದ ಬಾತಿಗೆ ಎದೆಮೂಳೆ ನೆಲಕ್ಕೆ ಒತ್ತಿ ಹುಣ್ಣಾಗುತ್ತೆ. ಹುಲ್ಲು ಹಾಕೋಣ ಅಂದಿದ್ದಕ್ಕೆ ಬೇಡ ಅಂದ್ರು, ತೇವ ಆದ ಹುಲ್ಲಲ್ಲಿ ಬೂಸ್ಟು ಬೆಳೆದು ಶ್ವಾಸಕೋಶಕ್ಕೆ ಹತ್ತುತ್ತೆ, ಬಾತುಗಳು ಅದಕ್ಕೆ ಬೇಗ ಬಲಿಯಾಗ್ತವೆ.

ಟ್ಯೂಬಲ್ಲಿ ಊಟ ಹಾಕೋದನ್ನ ಡಾಕ್ಟ್ರು ಅಕ್ಕನ ಕೈಯಲ್ಲೇ ಮೂರು ಸಲ ಮಾಡಿಸಿ ಆಮೇಲೆ ಮನೆಗೆ ಬಿಟ್ರು. ಹುಡುಗ ಟವೆಲಲ್ಲಿ ಸುತ್ತಿ ತೊಡೆ ಮೇಲೆ ಕೂರಿಸ್ಕೊಳ್ಳೋನು, ಅಕ್ಕ ಕತ್ತು ನೇರ ಮಾಡಿ ಶ್ವಾಸನಾಳದ ಬಾಯಿ ಕಣ್ಣಿಗೆ ಕಂಡ ಮೇಲೇ ಅದನ್ನ ತಪ್ಪಿಸಿ ಟ್ಯೂಬನ್ನ ಪಕ್ಕದಿಂದ ಇಳಿಸೋರು. ಮೊದಲ ದಿನ ಒಂದು ಸಲಕ್ಕೆ 30 ಎಂಎಲ್, ಉಗುರು ಬೆಚ್ಚಗೆ. ಬಾತಿಗೆ ಕೋಳಿಗಿರೋ ಹಾಗೆ ಸರಿಯಾದ ಮೇವುಚೀಲ ಇಲ್ಲ, ಕತ್ತಿನ ಅನ್ನನಾಳವೇ ಸ್ವಲ್ಪ ಹಿಗ್ಗುತ್ತೆ, ಜಾಸ್ತಿ ಹಾಕಿದ್ರೆ ವಾಪಸ್ ಬರುತ್ತೆ. ಈ ಅಳತೆ ಡಾಕ್ಟ್ರು ಆ ಹಕ್ಕಿ ನೋಡಿ ಆ ದಿನಕ್ಕೆ ಹೇಳಿದ್ದು, ಬೇರೆ ಬಾತಿಗೆ ಬೇರೆ.

ಎಂಟನೇ ದಿನದ ಹೊತ್ತಿಗೆ ತೂಕ 2,110ಕ್ಕೆ ಇಳಿದು ಅಲ್ಲೇ ನಿಂತಿತ್ತು. ಹಿಕ್ಕೆ ಸ್ವಲ್ಪ ಕಂದಾಗಿತ್ತು, ಆದರೆ ಅವಳು ಕಣ್ಣು ಮುಚ್ಕೊಂಡೇ ಇರ್ತಿದ್ದಳು, ತಾನಾಗಿ ಒಂದು ಕಾಳೂ ಮುಟ್ಟಲಿಲ್ಲ. ಕಾರಣ ಗೊತ್ತಾಗೋ ಮುಂಚೆ ಅಂಟುರೋಗ ಇದ್ರೆ ಅಂತ ಚುಕ್ಕಿಯಿಂದ ಬೇರೆ ಮಾಡಿದ್ದು ಸರಿಯೇ ಇತ್ತು, ಅಲ್ಲೇನಾದ್ರೂ ಎರಡು ಮೂರು ಹಕ್ಕಿ ಒಟ್ಟಿಗೆ ಸತ್ತಿದ್ರೆ ಹಕ್ಕಿಜ್ವರದ ಅನುಮಾನಕ್ಕೆ ಪಶುವೈದ್ಯ ಇಲಾಖೆಗೇ ತಿಳಿಸಬೇಕಾಗ್ತಿತ್ತು. ಆದರೆ ಈಗ ಕಾರಣ ಗೊತ್ತಾಗಿದೆ, ಲೋಹ ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಆದ್ರೂ ಬೇರೆ ಇಡೋದು ಹಾಗೇ ಮುಂದುವರೀತಾ ಇತ್ತು, ಯಾರೂ ಅದನ್ನ ಮತ್ತೆ ಯೋಚನೆ ಮಾಡಿರಲಿಲ್ಲ. ಚುಕ್ಕಿ ಹೊರಗೆ ದಿನವಿಡೀ ಕೂಗ್ತಿದ್ದಳು. ಹುಡುಗ ಒಂದು ಸಂಜೆ ಯಾರನ್ನೂ ಕೇಳದೆ ಚುಕ್ಕೀನ ಎತ್ಕೊಂಡು ಬಂದು ಡಬ್ಬದ ಪಕ್ಕ ಬಿಟ್ಟ. ಚುಕ್ಕಿ ಕತ್ತು ಮೇಲೆ ಕೆಳಗೆ ಆಡಿಸಿ ಏನೋ ಸಣ್ಣ ದನೀಲಿ ಹೇಳಿದಳು, ಬೆಳ್ಳಿ ಕಣ್ಣು ಬಿಟ್ಟಳು. ಆಮೇಲೆ ಚುಕ್ಕಿ ನೀರಿನ ಬೋಗುಣಿಗೆ ಕೊಕ್ಕು ಹಾಕಿ ಬಟಾಣಿ ಹುಡುಕೋಕೆ ಶುರುಮಾಡಿದಾಗ ಬೆಳ್ಳಿ ಕತ್ತು ಚಾಚಿ ಅದೇ ಬೋಗುಣಿಗೆ ಕೊಕ್ಕು ಹಾಕಿದಳು. ಎರಡು ಬಟಾಣಿ ನುಂಗಿದಳು. ನೋಟ್‌ಬುಕ್‌ನಲ್ಲಿ ಆ ದಿನದ ಸಾಲು ಹುಡುಗನ ಅಕ್ಷರದಲ್ಲಿದೆ, "2 ಬಟಾಣಿ, ತಾನೇ". ಅವತ್ತಿಂದ ಇಬ್ಬರ ನಡುವೆ ಒಂದು ತಗ್ಗಾದ ಜಾಲರಿ ಮಾತ್ರ ಇಟ್ರು, ಪಕ್ಕಪಕ್ಕ.

ಇನ್ನು ನೀರಿನ ವಿಷಯ. ಬಾತು ಅಂದ್ರೆ ನೀರಿಗೆ ಬಿಟ್ರೆ ಖುಷಿಯಾಗುತ್ತೆ ಅಂತ ಎಲ್ಲರಿಗೂ ಅನಿಸುತ್ತೆ. ಕಾಯಿಲೆ ಬಿದ್ದ ಬಾತು ಗರಿ ತೀಡ್ಕೊಳ್ಳಲ್ಲ, ಬಾಲದ ಬುಡದ ಎಣ್ಣೆ ಗರಿಗೆ ಹೋಗಲ್ಲ, ನೀರಿಗೆ ಬಿಟ್ರೆ ಬಟ್ಟೆ ಹಾಗೆ ನೆನೆದು ಚಳಿ ಹಿಡಿಯುತ್ತೆ, ಶಕ್ತಿ ಇಲ್ದಿದ್ರೆ ಮುಳುಗಿಹೋಗಲೂಬಹುದು. ಹಾಗಂತ ನೀರೇ ಬೇಡ ಅಂತಲ್ಲ, ಮೂಗಿನ ತೂತು ಮುಳುಗೋಷ್ಟು ಆಳದ ಬೋಗುಣಿ ಯಾವಾಗಲೂ ಇರಬೇಕು, ಮೂಗು ಕಣ್ಣು ತೊಳ್ಕೊಳ್ಳೋಕೆ. ಹತ್ತನೇ ದಿನದಿಂದ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ತೇಲಿಸೋರು, ಹೊಟ್ಟೆ ಅಡಿ ಅಕ್ಕನ ಕೈ. ಕಾಲಿಗೆ ಭಾರ ಬೀಳದೆ ಆಡಿಸೋಕೆ ಅದೊಂದೇ ದಾರಿ. ಮೊದಲ ದಿನ ಬಲಗಾಲು ಮಾತ್ರ ಆಡ್ತಿತ್ತು, ಅವಳು ನೀರಲ್ಲಿ ಸುತ್ತು ಹೊಡೀತಿದ್ದಳು. ಆಮೇಲೆ ಪೂರ್ತಿ ಒಣಗಿಸಿಯೇ ಡಬ್ಬಕ್ಕೆ ವಾಪಸ್.

ಉಳಿದ ಒಂದು ಚೂರು

ಹನ್ನೆರಡನೇ ದಿನದ ಎಕ್ಸ್‌ರೇಲಿ ಎರಡು ಗೆರೆ ಇರಲಿಲ್ಲ, ಹಿಕ್ಕೇಲಿ ಹೋಗಿದ್ವು. ಒಂದು ಇನ್ನೂ ಇತ್ತು. ಅನಸ್ತೇಶಿಯಾ ಕೊಟ್ಟು ಹೊಟ್ಟೆ ತೊಳೆದು ತೆಗೆಯಬಹುದು, ಆದರೆ ರಕ್ತ ಕಮ್ಮಿ ಇರೋ ಹಕ್ಕಿಗೆ ಅನಸ್ತೇಶಿಯಾ ಅಪಾಯ. ಬಿಟ್ರೆ ಜಿಂಕ್ ಇನ್ನೂ ಕರಗುತ್ತೆ, ತುದಿ ಚುಚ್ಚಲೂಬಹುದು. ಡಾಕ್ಟ್ರು ಎರಡನ್ನೂ ಮುಂದಿಟ್ಟು, ತುದಿ ಸವೆದು ದುಂಡಗಾದ ಹಾಗೆ ಕಾಣ್ತಿದೆ ಅಂತಾನೂ ಹೇಳಿ, ಯೋಚನೆ ಮಾಡಿ ಅಂದ್ರು.

ಅಕ್ಕ ಮಾಡಿದ ತೀರ್ಮಾನ ನನಗೆ ಇವತ್ತಿಗೂ ಸರಿ ಅನಿಸುತ್ತೆ. ಕಾಯ್ತೀವಿ, ಆದರೆ ಸುಮ್ಮನೆ ಕಾಯಲ್ಲ ಅಂದ್ರು. ದಿನಾ ಬೆಳಿಗ್ಗೆ ಊಟಕ್ಕೆ ಮುಂಚೆ ತೂಕ, ಎರಡು ದಿನ ಸತತ ಇಳಿದ್ರೆ, ಇಲ್ಲಾ ಹಿಕ್ಕೆ ಮತ್ತೆ ಗಿಳಿಹಸಿರಾದ್ರೆ, ಅವತ್ತೇ ತೆಗೆಸೋದು, ಮತ್ತೆ ಚರ್ಚೆ ಇಲ್ಲ. ಆ ನಿಯಮವನ್ನ ನೋಟ್‌ಬುಕ್‌ನಲ್ಲೇ ಬರೆದಿಟ್ಟರು. ಹದಿನಾಲ್ಕನೇ ದಿನ 2,190. ಹದಿನೈದನೇ ದಿನ 2,170, ಮನೇಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹದಿನಾರನೇ ದಿನ 2,220. ಹತ್ತೊಂಬತ್ತನೇ ದಿನ ಎಕ್ಸ್‌ರೇ ಕ್ಲಿಯರ್. ಚುಕ್ಕಿಯ ಚೂರು ಅದಕ್ಕೂ ಮುಂಚೆನೇ ಹೋಗಿತ್ತು, ಅವಳು ಒಂದು ದಿನವೂ ಮಂಕಾಗಲಿಲ್ಲ.

ಈ ಮಧ್ಯೆ ಹುಡುಗ ಹಳೇ ಸ್ಪೀಕರಿನ ಮ್ಯಾಗ್ನೆಟ್‌ಗೆ ದಾರ ಕಟ್ಟಿ ಹಿತ್ತಲ ಕೆಸರೆಲ್ಲಾ ಎಳೆದಾಡಿದ. ಜಿಐ ತಂತಿ ಒಳಗೆ ಕಬ್ಬಿಣವೇ ಆದ್ದರಿಂದ ಅಂಟ್ಕೊಳ್ಳುತ್ತೆ, ಸೀಸ ಆಗಿದ್ರೆ ಅಂಟ್ತಿರಲಿಲ್ಲ. 41 ಚೂರು ಸಿಕ್ಕಿದ್ವು, ಜೊತೆಗೆ ಎರಡು ವಾಷರ್, ಒಂದು ಸಣ್ಣ ಸ್ಕ್ರೂ. ಆಮೇಲೆ ಮೇಲಿನ ಮಣ್ಣು ತೆಗೆದು ಹೊಸದು ಹಾಕಿಸಿದ್ರು, ತಿನ್ನೋ ಗ್ರಿಟ್ (ಗಿಜರ್ಡ್‌ಗೆ ಬೇಕಾದ ಸಣ್ಣ ಕಲ್ಲು) ಒಂದು ಬಟ್ಟಲಲ್ಲಿ ಬೇರೆ ಇಟ್ಟರು, ಅವು ಕಲ್ಲು ಹುಡುಕ್ಕೊಂಡು ಕೆಸರು ಜಾಲಾಡೋದು ಸ್ವಲ್ಪ ಕಮ್ಮಿಯಾಗಲಿ ಅಂತ. ಔಷಧಿ ನಡೀತಿದ್ದಷ್ಟು ದಿನ ಮತ್ತೆ ಅದರ ನಂತರ ಡಾಕ್ಟ್ರು ಹೇಳೋವರೆಗೂ ಇಬ್ಬರ ಮೊಟ್ಟೇನೂ ಯಾರೂ ತಿನ್ನಲಿಲ್ಲ. ಬೆಳ್ಳಿ ಹೇಗೂ ಇಡ್ತಿರಲಿಲ್ಲ.

ಇಪ್ಪತ್ತಾರನೇ ದಿನ ಅವಳನ್ನ ಹಿತ್ತಲಿಗೆ ಬಿಟ್ಟಾಗ ನಾನೂ ಇದ್ದೆ. ಎಡಗಾಲು ಈಗಲೂ ಸ್ವಲ್ಪ ಹೊರಗೆ ತಿರುಗುತ್ತೆ, ಅದು ಹಾಗೇ ಉಳಿಯಬಹುದು ಅಂತ ಡಾಕ್ಟ್ರು ಹೇಳಿದಾರೆ. ಚುಕ್ಕಿ ಮುಂದೆ ಹೋಗಿ ನಿಂತು ತಿರುಗಿ ನೋಡೋಳು, ಬೆಳ್ಳಿ ಬರೋವರೆಗೂ ಕಾಯೋಳು, ಮತ್ತೆ ನಾಲ್ಕು ಹೆಜ್ಜೆ. ಟಬ್ ಹತ್ತಿರ ಹುಡುಗ ಇಟ್ಟಿಗೆ ಜೋಡಿಸಿ ಮೆಟ್ಟಿಲು ಮಾಡಿದ್ದ, ಎರಡನೇ ಇಟ್ಟಿಗೆಗೆ ಅವಳು ನಿಂತುಬಿಟ್ಟಳು, ಅವನು ಎತ್ತೋಕೆ ಹೋದ, ಅಕ್ಕ "ತಡಿ ಮಗಾ" ಅಂತ ಕೈ ಹಿಡಿದ್ರು. ಸುಮಾರು ಹೊತ್ತು ನಿಂತಿದ್ದು, ಆಮೇಲೆ ಎದೆ ಮುಂದೆ ಮಾಡಿ ತಾನೇ ನೀರಿಗೆ ಬಿದ್ದಳು. ಬೆನ್ನ ಮೇಲೆ ಬಿದ್ದ ನೀರು ಹನಿಹನಿಯಾಗಿ ಜಾರಿಹೋಯ್ತು, ನೆನೀಲಿಲ್ಲ.

ತೂಕ ಅವತ್ತು 2,430. ಈಗಲೂ ಪ್ರತಿ ಭಾನುವಾರ ಇಬ್ಬರನ್ನೂ ಬುಟ್ಟೀಲಿ ಕೂರಿಸಿ ಬರ್ಕೊಳ್ತಾರೆ.